ದವಾಖಾನಿ ಮೀನು

ಮಡಕೆಯ ಬಾಯಿಗೆ ಕಟ್ಟಿದ್ದ ಒದ್ದೆ ಬಟ್ಟೆಯ ಮೇಲೆ ಅಂಗೈ ಇಟ್ಟು ಕೂತಿದ್ದ ಧೊಂಡಿಬಾನಿಗೆ, ಒಳಗಿನ ಮೀನುಗಳೆಲ್ಲ ತನ್ನ ಕೈಯ ಕೆಳಗೇ ಬಂದು ಕೂಡಿವೆ ಎಂಬುದು ನೋಡದೆಯೇ ಗೊತ್ತಿತ್ತು. ಕೈಯನ್ನು ಎಡಕ್ಕೆ ಸರಿಸಿದರೆ ಅವೂ ಎಡಕ್ಕೆ ಸರಿಯುತ್ತವೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಅವನು ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. ಸರಕಾರಿ ಲಾರಿ ಬೀದರ ಬಿಟ್ಟು ಔರಾದಿನ ದಾರಿ ಹಿಡಿದು ಕೆಂಪು ಧೂಳೆಬ್ಬಿಸುತ್ತ ಓಡುತ್ತಿತ್ತು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮಾಂಜ್ರಾ ಹೊಳೆಯಲ್ಲಿ ಬೆರಳುದ್ದದ, ಬಿಳಿ ಹೊಟ್ಟೆಯ ಮೀನು ಹಿಡಿಯುವುದು, ಕಚೇರಿಯ ನೀರಿನ ತೊಟ್ಟಿ, ಹೌದಿನಲ್ಲಿ ಸಾಕುವುದು, ಮಡಕೆಯಲ್ಲಿ ಹೊತ್ತು ಊರೂರಿನ ಪಾವಟಿಗೆ ಬಾವಿಗಳಿಗೆ ಬಿಡುವುದು. ಮೆಟ್ಟಿಲಿಳಿದು ಕಾಲು ಅದ್ದಿ ನೀರು ತುಂಬುವ ಬಾವಿಗಳಲ್ಲಿ ನಾರುಹುಣ್ಣಿನ ಹುಳ ಇರುತ್ತದೆ, ಆ ನೀರು ಕುಡಿದವನ ಕಾಲಿನಿಂದ ಮುಂದಿನ ವರ್ಷ ಮೊಳದುದ್ದದ ದಾರದಂಥದ್ದು ಹೊರಬರುತ್ತದೆ, ಬಾವಿಯಲ್ಲಿ ಈ ಮೀನಿದ್ದರೆ ಹುಳವನ್ನು ತಿಂದು ಮುಗಿಸುತ್ತದೆ. ಹೀಗೆ ನಿಜಾಮರ ಕಾಲದ ಡಾಕ್ಟರರು ಹೇಳಿದ್ದರು. ಜನ ಮೀನಿಗೆ ದವಾಖಾನಿ ಮೀನು ಅಂದರು, ಕಚೇರಿಗೆ ನಾರಿನ ದಫ್ತರ ಅಂದರು, ಧೊಂಡಿಬಾನಿಗೆ ಏನೂ ಅನ್ನಲಿಲ್ಲ. ಮಡಕೆ ಹೊರುವವನಿಗೆ ಯಾರು ಹೆಸರಿಡುತ್ತಾರೆ. ಹೆಸರೆಲ್ಲ ಮುಂದೆ ನಡೆಯುತ್ತಿದ್ದ ಗುಲಾಮ ರಸೂಲನಿಗೆ. ಅವನು ಬಾವಿ ಜಮಾದಾರ. ತಲೆಯ ಮೇಲೆ ತುರ್ಕಿ ಟೋಪಿ, ಕೈಯಲ್ಲಿ ಬೆತ್ತ, ಬಾಯಲ್ಲಿ ಮಾತು. ಈಗ ಮೂರು ವರ್ಷದಿಂದ ಧೊಂಡಿಬಾ ಒಬ್ಬನೇ ಹೋಗುತ್ತಾನೆ, ಆದರೂ ಬೀದಿಯಲ್ಲಿ ನಡೆಯುವಾಗ ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಾನೆ.

ಬೆಳಿಗ್ಗೆ ಹೌದಿನ ಕಟ್ಟೆಯ ಮೇಲೆ ಬಗ್ಗಿ ಮೀನು ತುಂಬಿಕೊಳ್ಳುತ್ತಿದ್ದಾಗ ರಸೂಲನ ತಾಯಿ ಬಿಸ್ಮಿಲ್ಲಾಬೀ ಬಂದಿದ್ದಳು. ಚೌಬಾರಾದ ಹಿಂದಿನ ಗಲ್ಲಿಯಿಂದ ನಡೆದುಕೊಂಡೇ ಬಂದ ಮುದುಕಿ, ಉಸಿರು ಹತ್ತಿ ಕಟ್ಟೆ ಹಿಡಿದು ನಿಂತಳು. ಧೊಂಡಿಬಾನಿಗೆ ಅವಳ ಮುಖ ನೋಡುವುದಕ್ಕಿಂತ ಮೀನು ನೋಡುವುದು ಸುಲಭವಾಗಿತ್ತು.

"ಬೇಟಾ, ನಮ್ಮ ಅಣ್ಣನ ಮಗ ಕುತುಬೋದ್ದೀನ ಕರಾಚಿಲಿಂದ ಖತ ಬರದಾನ. ಅಲ್ಲಿ ಎಲ್ಲಾ ಕಡಿಗಿ ಕೇಳ್ಯಾನಂತ. ರಸೂಲ ಆ ಕಡಿಗಿ ಬಂದೇ ಇಲ್ಲಂತ."

"ಹೈದ್ರಾಬಾದದಾಗ ಇರಬೇಕ್ರಿ ಅಮ್ಮಾ."

"ಅಲ್ಲೂ ಕೇಳ್ಸೇವಿ. ಸೊಸಿ ನಿನಗ ಇವತ್ತ ಬಾ ಅಂದಾಳ. ಒಂದ ಮಾತ ಕೇಳಬೇಕಂತ. ಇದs ಕಡೀದು ಅಂತ."

ಬರ್ತೇನಿ ಅಂದಿದ್ದ. ಮುದುಕಿ ಹೋಗುವಾಗ ಹೌದಿನೊಳಗೆ ಇಣುಕಿ, ತನ್ನ ಮಗ ಇವಕ್ಕೆ ಮನೆಯ ರೊಟ್ಟಿಯನ್ನೆಲ್ಲ ಹಾಕಿ ಬರುತ್ತಿದ್ದ ಎಂದು ನಕ್ಕಳು. ಹೋದಳು. ಆಮೇಲೆ ಹೊಸ ಸಾಹೇಬರು ಕರೆದು, ಔರಾದ ಮತ್ತು ಭಾಲ್ಕಿಯ ನಡುವೆ ಒಂದು ಊರಿನಲ್ಲಿ ಮುಚ್ಚಿದ್ದ ಬಾವಿಯನ್ನು ಊರವರು ಕಲಕಿ ಸ್ವಚ್ಛ ಮಾಡಿಸಿದ್ದಾರೆ, ಮೀನು ಬಿಟ್ಟು ಬಾ ಎಂದು ಹೇಳಿದಾಗ ಅವನಿಗೆ ಊರಿನ ಹೆಸರು ಕೇಳುವ ಅಗತ್ಯವಿರಲಿಲ್ಲ. ಧೊಂಡಿಬಾ ಆ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಹೆಂಡತಿ ಪುತಳಾಬಾಯಿಯ ಎದುರಿಗೂ ‘ಆ ಊರು’ ಅನ್ನುತ್ತಾನೆ. ಒಂದೇ ದಿನ ಎರಡೂ ಕೂಡಿ ಬಂದದ್ದು ನೋಡಿ ಅವನಿಗೆ, ಯಾರೋ ತನ್ನನ್ನು ಎರಡೂ ಕಡೆಯಿಂದ ಅಡ್ಡಗಟ್ಟಿದ ಹಾಗಾಯಿತು.

ಗಡಬಡಿ ಆದ ವರ್ಷ, ಅಂದರೆ ಹಿಂದೂಸ್ತಾನದ ಫೌಜು ಬಂದು ನಿಜಾಮರ ರಾಜ್ಯ ಐದು ದಿನದಲ್ಲಿ ಮುಗಿದ ವರ್ಷ, ಖಾಲಿ ಮಡಕೆ ಹಿಡಿದು ಅವನು ರಸೂಲನ ಮನೆಯ ಗೋಣಿತಟ್ಟಿನ ಪರದೆಯ ಮುಂದೆ ನಿಂತಿದ್ದ. ಪರದೆಯ ಆಚೆ ಮುನವ್ವರ ಬೇಗಂ. ಅವಳ ಮುಖವನ್ನು ಅವನು ಆಗಲೂ ನೋಡಿರಲಿಲ್ಲ, ಈಗಲೂ ನೋಡಿಲ್ಲ. ಪರದೆಯ ಕೆಳಗಿನಿಂದ ಚಹಾದ ಬಟ್ಟಲು ಸರಿಸುವ ಕೈ ಮಾತ್ರ ಗೊತ್ತು. ಎಲ್ಲಿ ಅಂತ ಅವಳು ಕೇಳಿದಳು. "ಲಾರಿ ಹತ್ತಿ ಹೈದ್ರಾಬಾದ ಕಡಿಗಿ ಹೋದ್ರರಿ ಭಾಭಿ" ಎಂದು ಇವನ ಬಾಯಿ ಹೇಳಿತು. ಸತ್ತ ಅಂದರೆ ಹ್ಯಾಗೆ ಅಂತ ಕೇಳುತ್ತಾರೆ, ಹ್ಯಾಗೆ ಅಂತ ಹೇಳಿದರೆ ಯಾರಿಂದ ಅಂತ ಕೇಳುತ್ತಾರೆ. ಆ ಮೂರನೆಯ ಪ್ರಶ್ನೆಗೆ ಹೆದರಿ ಅವನು ಮೊದಲನೆಯದಕ್ಕೇ ಸುಳ್ಳು ಹೇಳಿದ್ದ. ಸುಳ್ಳು ಹೇಳಿ ಮನೆಗೆ ಹೋಗಿ ಉಂಡು ಮಲಗಿದ್ದ, ನಿದ್ದೆಯೂ ಬಂದಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ದಿನದಿಂದ ಮುನವ್ವರ ಬೇಗಂ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಗಂಡ ತೀರಿದರೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸಿನ ಕಣ್ಣಿಗೂ ಮಾತಿಗೂ ಸಿಗದೆ ಒಳಗೆ ಕೂರಬೇಕು, ಅದಕ್ಕೆ ಇದ್ದತ್ ಅನ್ನುತ್ತಾರೆ. ಕೂತು ಎದ್ದ ಮೇಲೆ ಅವಳ ಬದುಕು ಅವಳದು. ಕೂರಬೇಕೆಂದರೆ ಮೊದಲು ಒಂದು ಸಾವು ಬೇಕು. ಕೊರಳಿನ ಕರಿಮಣಿ ತೆಗೆಯಲೋ ಇಟ್ಟುಕೊಳ್ಳಲೋ ತಿಳಿಯದೆ ಮೂರು ವರ್ಷ ಅವಳು ಪ್ರತಿ ಸಂಜೆ ಎರಡು ರೊಟ್ಟಿ ಜಾಸ್ತಿ ಮಾಡುತ್ತಿದ್ದಾಳೆ ಎಂದು ಬಿಸ್ಮಿಲ್ಲಾಬೀ ಒಮ್ಮೆ ಹೇಳಿದ್ದಳು. ಆ ರೊಟ್ಟಿ ಏನಾಗುತ್ತದೆ ಎಂದು ಧೊಂಡಿಬಾ ಕೇಳಿರಲಿಲ್ಲ. ಅಂಗಳದ ಹೌದಿನಲ್ಲಿ ರಸೂಲ ಬಿಟ್ಟಿದ್ದ ಐದು ಮೀನು ಇವೆ ಎಂಬುದು ಅವನಿಗೆ ಗೊತ್ತಿತ್ತು.

ಲಾರಿಯ ಡ್ರೈವರ್ ಅವನನ್ನು ದಾರಿಯಲ್ಲಿ ಇಳಿಸಿ, ಹೊತ್ತು ತಿರುಗಿದ ಮೇಲೆ ಬರುತ್ತೇನೆ ಎಂದು ಔರಾದ ಕಡೆಗೆ ಹೋದ. ಮಡಕೆಯನ್ನು ಹೆಗಲಿಗೇರಿಸಿ ಕಾಲುದಾರಿ ಹಿಡಿದ ಧೊಂಡಿಬಾನಿಗೆ, ಕಡಲೆ ಕಿತ್ತ ಹೊಲಗಳು, ಕುರಿ ಮಂದೆ, ದೂರದ ಹುಣಸೆಗಿಡ ಎಲ್ಲವೂ ಏನೂ ಆಗದವರ ಹಾಗೆ ಇದ್ದದ್ದು ಕಂಡು ಸಿಟ್ಟು ಬಂತು. ಊರ ಬಾಗಿಲಲ್ಲಿ ಬಕ್ಕಪ್ಪ ಕಾಯುತ್ತಿದ್ದ. ಗಡಬಡಿಯ ಆ ಮೂರು ದಿನ ಅವನ ಮನೆಯ ಪಡಸಾಲೆಯಲ್ಲೇ ಧೊಂಡಿಬಾ ಉಳಿದಿದ್ದು. ಈಗ ಅವನ ಮೀಸೆ ಬೆಳ್ಳಗಾಗಿತ್ತು.

"ಬರ್ರಿ, ಬರ್ರಿ. ಮೂರ ವರ್ಷ ಹೆಣ್ಮಕ್ಕಳು ಹಳ್ಳದ ನೀರ ಹೊತ್ತು ಸಾಕಾಗ್ಯಾರ. ನೀರ ತೋಡಿ ಹೊರಗ ಹಾಕಿದೇವಿ, ಸುಣ್ಣ ಹಾಕಿದೇವಿ. ಹೊಸಾ ನೀರ ಕನ್ನಡಿ ಆಗ್ಯಾದ. ಆದ್ರೂ ಯಾರೂ ಕುಡಿಲಾಕ ತಯಾರ ಇಲ್ಲ. ದವಾಖಾನಿ ಮೀನ ಬದುಕಿದ್ರ ಕುಡಿತೇವಿ ಅಂತಾರ."

"ಬದುಕ್ತಾವರಿ" ಅಂದ ಧೊಂಡಿಬಾ. ಮೀನು ಎಲ್ಲೆಲ್ಲಿ ಬದುಕುತ್ತದೆ ಎಂಬುದು ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು.

ನಲವತ್ತೆರಡು ಪಾವಟಿಗೆ. ಎಣಿಸಬಾರದೆಂದು ಹೊರಟು ಎಣಿಸಿದ. ಕೊನೆಯ ಪಾವಟಿಗೆಯ ಮೇಲೆ ಕೂತು ಬಟ್ಟೆ ಬಿಚ್ಚಿ ಮಡಕೆಯನ್ನು ಕೊರಳ ತನಕ ಬಾವಿಯ ನೀರಿನಲ್ಲಿ ಇಳಿಸಿ ಹಿಡಿದ. ಇದು ಅವಸರದ ಕೆಲಸವಲ್ಲ. ಒಳಗಿನ ನೀರು ಹೊರಗಿನ ನೀರಿನಷ್ಟು ತಣ್ಣಗಾಗುವ ತನಕ ಹೀಗೇ ಹಿಡಿದಿರಬೇಕು, ಒಮ್ಮೆಲೇ ಸುರಿದರೆ ಮೀನಿನ ಎದೆ ಒಡೆಯುತ್ತದೆ. ಮೊದಮೊದಲು ಇದನ್ನು ಕಲಿಸಿದವನು ರಸೂಲನೇ. ಧೊಂಡಿಬಾ ಮಾಂಜ್ರಾ ದಂಡೆಯ ಭೋಯಿಗಳ ಮನೆಯವನು, ಮೀನು ಹಿಡಿಯುವುದು ಗೊತ್ತಿತ್ತು, ತಿನ್ನುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. "ಹಿಡಿಯೋದು ಎಲ್ಲಾರಿಗಿ ಬರ್ತದ, ಬಿಡೋದು ಕಲಿ" ಎಂದು ರಸೂಲ ಇವನ ಮಣಿಕಟ್ಟು ಹಿಡಿದು ನೀರಿನಲ್ಲಿ ಒತ್ತಿ ಹಿಡಿದಿದ್ದ. ಆ ಕೈ ಬೆಚ್ಚಗಿತ್ತು. ಅದೇ ಮನುಷ್ಯ ಔರಾದಿನಲ್ಲಿ ತಹಶೀಲದಾರರ ಎದುರಿಗೆ, ಮೀನಿನ ವಿಷಯ ಏನೋ ಹೇಳಲು ಇವನು ಬಾಯಿ ತೆರೆದಾಗ, "ಇವನಿಗೇನ ಗೊತ್ತು ಸಾಹೇಬ್, ಇಂವ ಮಡಕಿ ಹೊರಾಂವ" ಎಂದು ನಕ್ಕಿದ್ದ. ತಹಶೀಲದಾರರೂ ನಕ್ಕರು. ಧೊಂಡಿಬಾನೂ ನಕ್ಕ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಆ ನಗುವನ್ನು ಅವನು ಮರೆತಿದ್ದನೇ, ಇಲ್ಲವೇ ಎಂಬುದೇ ಮೂರು ವರ್ಷದಿಂದ ಅವನನ್ನು ತಿನ್ನುತ್ತಿದ್ದ ಪ್ರಶ್ನೆ.

ತಲೆ ಎತ್ತದಿದ್ದರೂ ಆ ಗೂಡು ಕಾಣುತ್ತಿತ್ತು. ಎದುರಿನ ಗೋಡೆಯಲ್ಲಿ, ನೀರಿಗಿಂತ ಎರಡು ಮೊಳ ಮೇಲೆ, ಹಿಂದೆ ಯಾರೋ ದೀಪ ಇಡಲು ಮಾಡಿಸಿದ್ದು. ಒಬ್ಬ ಮನುಷ್ಯ ಕಾಲು ಮಡಿಚಿ ಕೂರಬಹುದು. ಅವತ್ತು ಅದರ ಬಾಯಿಗೆ ಬಳ್ಳಿ ಇಳಿಬಿದ್ದಿತ್ತು. ಭಾಲ್ಕಿ ಕಡೆಯ ಬಾವಿಗಳನ್ನು ಮುಗಿಸಿ ಇಬ್ಬರೂ ಈ ಊರಿಗೆ ಬಂದ ದಿನವೇ ಬೀದರಿಗೆ ಫೌಜು ಬಂತೆಂದು ಸುದ್ದಿ ಬಂತು. ಮರುದಿನ ಊರೂರುಗಳಲ್ಲಿ ಗುಂಪು ಕಟ್ಟಿಕೊಂಡು ಮುಸಲ್ಮಾನರನ್ನು ಹುಡುಕುತ್ತ ತಿರುಗುವವರ ಸುದ್ದಿ ಬಂತು. ರಸೂಲ ಟೋಪಿ ತೆಗೆದು ಮಡಿಚಿ ಕಿಸೆಗಿಟ್ಟುಕೊಂಡ. ಟೋಪಿ ಇಲ್ಲದ ಅವನ ತಲೆ ಎಷ್ಟು ಸಣ್ಣದು ಎಂದು ಧೊಂಡಿಬಾನಿಗೆ ಆಗಲೇ ಗೊತ್ತಾದದ್ದು. ರಸೂಲ ಈಜಿಕೊಂಡು ಹೋಗಿ ಗೂಡು ಹತ್ತಿದ. ಮೀನು ನೋಡುವ ನೆವದಲ್ಲಿ ಧೊಂಡಿಬಾ ದಿನಕ್ಕೆರಡು ಸಲ ಇಳಿಯುವುದು, ಮಡಕೆಯನ್ನು ತೇಲಿಬಿಡುವುದು, ಅದರೊಳಗಿನ ರೊಟ್ಟಿ ತೆಗೆದುಕೊಂಡು ರಸೂಲ ಮಡಕೆಯನ್ನು ಹಿಂದಕ್ಕೆ ನೂಕುವುದು. ಎರಡು ರೊಟ್ಟಿ ಜಾಸ್ತಿ ಬೇಕೆಂದು ಕೇಳಿದಾಗ ಬಕ್ಕಪ್ಪನ ಹೆಂಡತಿ ಸತ್ಯಮ್ಮ ಯಾಕೆ ಅನ್ನದೆ ನಾಲ್ಕು ಕೊಟ್ಟಿದ್ದಳು. "ರೊಟ್ಟಿ ಭಾಳ ಛಲೊ ಅವ, ಒಬ್ಬನs ತಿಂದ್ರ ಅರಗಂಗಿಲ್ಲ" ಎಂದು ರಸೂಲ ಅರ್ಧ ಮುರಿದು ಚೂರು ಮಾಡಿ ನೀರಿಗೆ ಹಾಕುತ್ತಿದ್ದ. ಮೊದಲು ಬಿಟ್ಟಿದ್ದ ಮೀನು ಆ ಬಾವಿಯಲ್ಲಿ ನೂರಾರು ಆಗಿದ್ದವು. ಹಾಕಬೇಡ ಎಂದು ಹೇಳಬೇಕೆಂದು ಧೊಂಡಿಬಾನಿಗೆ ಹೊಳೆಯಲಿಲ್ಲ. ಇಬ್ಬರಿಗೂ ಅದು ಹನ್ನೊಂದು ವರ್ಷದ ಚಾಳಿ. ಮೀನು ಕಂಡರೆ ಕೈ ತಾನೇ ರೊಟ್ಟಿ ಮುರಿಯುತ್ತಿತ್ತು.

ಮೂರನೆಯ ದಿನ ಅವರು ಬಂದರು. ಆ ಊರಿನವರಲ್ಲ. ಹತ್ತು ಹನ್ನೆರಡು ಜನ, ಕೆಲವರ ಕೈಯಲ್ಲಿ ಕೊಡಲಿ. ಧೊಂಡಿಬಾ ಆಗ ಖಾಲಿ ಮಡಕೆ ಹಿಡಿದು ಇದೇ ಪಾವಟಿಗೆಯ ಮೇಲೆ ಇದ್ದ. ಮುಂದಿದ್ದ ಕೆಂಪು ರುಮಾಲಿನವನು ಅರ್ಧಕ್ಕಿಳಿದು ಬಂದು ಸುತ್ತ ನೋಡಿದ. ಅವನ ತಮ್ಮನನ್ನು ಆ ಬೇಸಿಗೆಯಲ್ಲಿ ನಿಜಾಮರ ಕಡೆಯ ರಜಾಕಾರರು ಮನೆ ಸಮೇತ ಸುಟ್ಟಿದ್ದರು ಎಂದು ಆಮೇಲೆ ತಿಳಿಯಿತು. ತಿಳಿದದ್ದರಿಂದ ಧೊಂಡಿಬಾನಿಗೆ ಏನೂ ಹಗುರಾಗಲಿಲ್ಲ. ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಅವನು ಕೇಳಿದ. "ಯಾರೂ ಇಲ್ರಿ" ಎಂದು ಧೊಂಡಿಬಾ ಚೊಕ್ಕವಾಗಿ ಹೇಳಿದ. ದನಿ ನಡುಗಲಿಲ್ಲ. ಅದಕ್ಕಾಗಿ ಒಳಗೊಳಗೇ ಹೆಮ್ಮೆಯೂ ಆಯಿತು. ರುಮಾಲಿನವನು ತಿರುಗಿ ಹತ್ತತೊಡಗಿದ. ಎರಡು ಪಾವಟಿಗೆ ಹತ್ತಿ ನಿಂತು, ನೀರಿನ ಕಡೆ ನೋಡಿ, ಏನೂ ಮನಸ್ಸಿನಲ್ಲಿಲ್ಲದವನ ಹಾಗೆ, ಸಂತೆಯಲ್ಲಿ ಯಾವುದೋ ಸಾಮಾನಿನ ಬಗ್ಗೆ ಕೇಳುವವನ ಹಾಗೆ ಕೇಳಿದ.

"ಈ ಮೀನೆಲ್ಲಾ ಆ ಕಡಿಗೇ ಯಾಕ ಕೂಡ್ಯಾವ?"

ಧೊಂಡಿಬಾನನ್ನು ಜನ್ಮದಲ್ಲಿ ಯಾರೂ ಮೀನಿನ ಬಗ್ಗೆ ಏನೂ ಕೇಳಿರಲಿಲ್ಲ. ಸಾಹೇಬರು, ಸಾಲಿ ಮಾಸ್ತರರು, ಗೌಡರು, ಎಲ್ಲರೂ ಕೇಳುತ್ತಿದ್ದುದು ಇದೇ ಪ್ರಶ್ನೆ, ಆದರೆ ರಸೂಲನನ್ನು. ರಸೂಲ ಬೆತ್ತ ಊರಿ, ಗಂಟಲು ಸರಿಮಾಡಿಕೊಂಡು, ಪ್ರತಿ ಊರಿನಲ್ಲೂ ಅದೇ ಮಾತನ್ನು ಅದೇ ರಾಗದಲ್ಲಿ ಹೇಳುತ್ತಿದ್ದ. ಎರಡು ಹೆಜ್ಜೆ ಹಿಂದೆ ನಿಂತು ಧೊಂಡಿಬಾ ಅದನ್ನು ಸಾವಿರ ಸಲ ಕೇಳಿದ್ದ, ತುಟಿ ಅಲ್ಲಾಡಿಸದೆ ತಾನೂ ಹೇಳಿಕೊಂಡಿದ್ದ. ಅವತ್ತು ಅವನ ಬಾಯಿ ತೆರೆದುಕೊಂಡಿತು.

"ಯಾರರೆ ಕುಂತು ರೊಟ್ಟಿ ಚೂರ ಹಾಕಿದ್ರ ಅಲ್ಲೇ ಕೂಡ್ತಾವರಿ. ನಮ್ಮ ಮೀನ ಬಹುತ್ ಹೋಶಿಯಾರ್ ಅವ."

ಬಹುತ್ ಹೋಶಿಯಾರ್ ಎಂಬುದೂ ರಸೂಲನದೇ. ಹೇಳಿ ಮುಗಿಸಿದ ಮೇಲೆ ಬಾವಿಯಲ್ಲಿ ಸ್ವಲ್ಪ ಹೊತ್ತು ಆ ಮಾತು ಉಳಿದಿತ್ತು. ಕೆಂಪು ರುಮಾಲಿನವನು ಇವನ ಮುಖ ನೋಡಿದ, ಆಮೇಲೆ ಬಳ್ಳಿಯನ್ನು ನೋಡಿದ.  ಬಳ್ಳಿಯ ಹಿಂದೆ ರಸೂಲ ಅದನ್ನು ಕೇಳಿಸಿಕೊಂಡ, ತನ್ನ ಮಾತನ್ನೇ, ತನ್ನ ರಾಗದಲ್ಲೇ. ಮುಂದಿನದನ್ನು ಧೊಂಡಿಬಾ ನೋಡಲಿಲ್ಲ. ಯಾರೋ ಅವನ ತೋಳು ಹಿಡಿದು ಮೇಲೆ ಕರೆದುಕೊಂಡು ಹೋದರು. ಅವನು ಹುಣಸೆಗಿಡದ ಬುಡದಲ್ಲಿ ಕೂತ. ಬಾವಿಯಿಂದ ಕಲ್ಲು ನೀರಿಗೆ ಬೀಳುವ ಸಪ್ಪಳ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಮೇಲೆ ಬಂದ ಕೆಂಪು ರುಮಾಲಿನವನು ಇವನಿಗೆ ಒಂದು ಬೀಡಿ ಕೊಟ್ಟ. ಧೊಂಡಿಬಾ ತೆಗೆದುಕೊಂಡ. ಅವನೇ ಕಡ್ಡಿ ಗೀರಿ ಹಚ್ಚಿದ. ಧೊಂಡಿಬಾ ಅದನ್ನು ಪೂರ್ತಿ ಸೇದಿದ.

ಹೆದರಿಕೆಯಿಂದ ಹೇಳಿದ್ದರೆ ಕ್ಷಮೆ ಇತ್ತು. ಹಗೆಯಿಂದ ಹೇಳಿದ್ದರೂ ಹಗೆ ಎಂದು ಕರೆಯಬಹುದಿತ್ತು. ಇದು ಎರಡೂ ಅಲ್ಲ. ಒಬ್ಬ ಮನುಷ್ಯ ತನ್ನನ್ನು ಮೊದಲ ಸಲ ಒಂದು ಮಾತು ಕೇಳಿದ, ತನಗೆ ಉತ್ತರ ಗೊತ್ತಿತ್ತು. ಇಷ್ಟೇ ಆಗಿದ್ದರೆ ಎಂದು ಅವನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದಾನೆ. ಆಗ ತಹಶೀಲದಾರರ ನಗು ಕೇಳಿಸುತ್ತದೆ. ಮಡಕಿ ಹೊರಾಂವ. ಹಾಗಾದರೆ ಆ ಮಾತು ಬಾಯಿಗೆ ಬಂದದ್ದು ಅಲ್ಲಿಂದಲೋ. ತನ್ನೊಳಗೆ ತನಗೇ ಕಾಣದ ಒಂದು ಗೂಡಿದೆಯೋ, ಅದರಲ್ಲಿ ಯಾರು ಕೂತಿದ್ದಾರೋ. ಇದನ್ನು ಅವನು ಕೊನೆಯ ತನಕ ಯೋಚಿಸಲಾರ, ನಡುವೆಯೇ ಎದ್ದುಬಿಡುತ್ತಾನೆ.

ಮಡಕೆ ತಣ್ಣಗಾಗಿತ್ತು. ಮೆಲ್ಲಗೆ ವಾಲಿಸಿದ. ಮೀನುಗಳು ಒಂದೊಂದಾಗಿ ಹೊರಬಂದು, ಬಾಯಿಯ ಸುತ್ತ ಸುಳಿದು, ದಾರಿ ಗೊತ್ತಿದ್ದವರ ಹಾಗೆ ಎದುರಿನ ಗೋಡೆಯ ಕಡೆಗೆ ಹೋದವು. ಗೂಡಿನ ಕೆಳಗೆ ಹೋಗಿ ನಿಂತವು. ಈ ಮೀನು ಈ ಬಾವಿಯನ್ನು ಹಿಂದೆಂದೂ ನೋಡಿದ್ದಲ್ಲ. ಅಲ್ಲಿ ನೆರಳಿದೆ, ಅದಕ್ಕೆ, ಎಂದು ಧೊಂಡಿಬಾ ತನಗೆ ತಾನೇ ಹೇಳಿಕೊಂಡ. ಇಡೀ ಬಾವಿಯೇ ನೆರಳಿನಲ್ಲಿತ್ತು.

ಬಕ್ಕಪ್ಪ ಮೇಲಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತ. "ಅವರಿಗಿ ಹ್ಯಾಂಗ ಗೊತ್ತಾತೋ ಏನೋ" ಅಂದ, ಗೂಡು ನೋಡುತ್ತ. "ನಮ್ಮೂರಾಗಿನವರು ಯಾರೂ ಬಾಯಿ ಬಿಟ್ಟಿಲ್ಲ ನೋಡ್ರಿ. ಸತ್ಯಮ್ಮ ಸಾಯೋತನಕ ಅದs ಅಂದಳು. ನಾವ್ಯಾರೂ ಹೇಳಿಲ್ಲ, ಮತ್ಯಾರು ಅಂತ."

ಧೊಂಡಿಬಾ ನೀರು ನೋಡುತ್ತಿದ್ದ.

"ನೀವ ಹೋದ ಮ್ಯಾಲ ಜಮಾದಾರರಿಗಿ ರಾತ್ರೀನೇ ನೀರಾಗಿಂದ ತೆಗ್ದೇವಿ. ಹುಣಸಿಗಿಡದ ಬುಡಕ ಇಟ್ಟೇವಿ. ಅವರ ಪದ್ಧತಿ ನಮಗೇನ ಗೊತ್ತರಿ. ಬಾಜೂ ಊರ ಡಾಬಕಾದಾಗ ಒಬ್ಬ ಮುಸಲ್ಮಾನ ಮುದುಕ ಅಡಗಿ ಕುಂತಿದ್ದ, ಅಂವನ ಕೇಳಿ ಬಂದು ಮೋರಿ ಮಕ್ಕಾದ ಕಡಿಗಿ, ಪಡವಲಕ ಮಾಡಿ ಮಲಗಿಸಿದೇವಿ. ಟೋಪಿ ಕಿಸೆದಾಗs ಇತ್ತು, ತಲಿಗಿ ಹಾಕಿದೇವಿ. ನೀವ ಅವರ ಮನಿಯವರಿಗಿ ಎಲ್ಲಾ ಹೇಳೀರಿ ಅಂತ ತಿಳದಿದ್ದೆ. ಯಾರೂ ಬರಲಿಲ್ಲಲ್ಲ, ಯಾಕ?"

ಇಷ್ಟು ದಿನ ಅವನಿಗೆ ಆ ದೇಹ ನೀರಿನಲ್ಲೇ ಇತ್ತು. ಕನಸಿನಲ್ಲಿ ಅದು ನೀರಿನಲ್ಲೇ ಇರುತ್ತಿತ್ತು, ಮೀನು ಸುತ್ತ ಇರುತ್ತಿದ್ದವು. ಮೂರು ವರ್ಷ ಅವನು ಮೀನು ತಿಂದಿರಲಿಲ್ಲ. ಈಗ ಅದಕ್ಕೆ ಒಂದು ಗಿಡ, ಒಂದು ದಿಕ್ಕು, ತಲೆಯ ಮೇಲೊಂದು ಟೋಪಿ ಬಂದಿತ್ತು. ಮೇಲೆ ಬಂದು ಹುಣಸೆಯ ಬುಡದಲ್ಲಿ ಜೋಡಿಸಿಟ್ಟ ಐದಾರು ಕಲ್ಲು ನೋಡಿದಾಗ, ತಾನು ಅವತ್ತು ಕೂತು ಬೀಡಿ ಸೇದಿದ ಜಾಗ ಇದೇ ಎಂದು ಗುರುತು ಸಿಕ್ಕಿತು. ಅಲ್ಲಿ ನಿಂತೇ ನಿರ್ಧಾರ ಮಾಡಿದ. ಇವತ್ತು ಎಲ್ಲವನ್ನೂ ಹೇಳುತ್ತೇನೆ. ಸತ್ತ, ಹೀಗೆ ಸತ್ತ, ನನ್ನ ಬಾಯಿಂದ ಸತ್ತ. ಲಾರಿಯಲ್ಲಿ ಕೂತು ದಾರಿಯುದ್ದಕ್ಕೂ ಆ ಮೂರು ಮಾತನ್ನು ಹೇಳಿಕೊಳ್ಳುತ್ತ ಬಂದ. ಕೋಟೆ ಗೋಡೆ ಕಾಣುವ ಹೊತ್ತಿಗೆ ಅವು ಪಾಠ ಒಪ್ಪಿಸುವಷ್ಟು ಸಲೀಸಾಗಿದ್ದವು, ಅದು ಕಂಡು ಅವನಿಗೆ ಹೆದರಿಕೆಯಾಯಿತು.

ಬಿಸಿಲು ಇಳಿದಿತ್ತು. ಗೋಣಿತಟ್ಟಿನ ಪರದೆಯ ಮುಂದೆ ಬಿಸ್ಮಿಲ್ಲಾಬೀ ಚಾಪೆ ಹಾಕಿದಳು. ಪರದೆಯ ಕೆಳಗಿನಿಂದ ಚಹಾದ ಬಟ್ಟಲು ಬಂತು. ಕೈ ಹಿಂದಕ್ಕೆ ಹೋಗಲಿಲ್ಲ, ನೆಲದ ಮೇಲೇ ಇತ್ತು.

"ಧೊಂಡಿಬಾ ಭಾಯಿ" ಎಂದಿತು ಒಳಗಿನ ದನಿ. "ಇದ್ದಾರ ಅಂದ್ರ ಇದ್ದಾರ ಅನ್ರಿ. ಇಲ್ಲ ಅಂದ್ರ ಇಲ್ಲ ಅನ್ರಿ. ಎರಡರ ನಡಬರಕ ನನಗ ಎಷ್ಟ ದಿವಸ ನಿಂದರಸ್ತೀರಿ?"

"ಇಲ್ರಿ ಭಾಭಿ. ಹೋದ್ರು."

ಕೈ ಹಿಂದಕ್ಕೆ ಹೋಯಿತು. ಬಿಸ್ಮಿಲ್ಲಾಬೀ ಗೋಡೆಗೆ ಒರಗಿದಳು. ಯಾರೂ ಅಳಲಿಲ್ಲ. ಧೊಂಡಿಬಾ ಬಾವಿಯ ಗೂಡಿನ ಬಗ್ಗೆ, ಕೊಡಲಿ ಹಿಡಿದು ಬಂದವರ ಬಗ್ಗೆ ಹೇಳಿದ, ಹುಣಸೆಗಿಡದ ಬಗ್ಗೆ ಹೇಳಿದ, ಪಡವಲ ದಿಕ್ಕಿನ ಬಗ್ಗೆ ಹೇಳಿದ, ಟೋಪಿಯ ಬಗ್ಗೆ ಹೇಳಿದ. ಹೇಳುತ್ತ ಹೋದ ಹಾಗೆ, ತಾನೇ ನಿಂತು ಮಣ್ಣು ಮಾಡಿಸಿದವನ ಹಾಗೆ ಕೇಳಿಸುತ್ತಿದೆ ಎಂದು ಗೊತ್ತಾದರೂ ತಿದ್ದಲಿಲ್ಲ.

"ಊಟ ಆಗಿತ್ತಾ?" ಎಂದು ದನಿ ಕೇಳಿತು. 

"ಆಗಿತ್ರಿ. ನಾ ರೊಟ್ಟಿ ಒಯ್ದಿದ್ದೆ. ಅರ್ಧಾ ತಿಂದ್ರು. ಅರ್ಧಾ ಮೀನಿಗಿ ಹಾಕಿದ್ರು."

ಪರದೆಯ ಹಿಂದೆ ಉಸಿರು ಜೋರಾಗಿ ಬಂತು. ನಕ್ಕಳೋ ಏನೋ. "ಮನ್ಯಾಗೂ ಹಂಗೇ" ಅಂದಳು. ಆಮೇಲೆ, "ಬಾವ್ಯಾಗ ಅದಾರ ಅಂತ ಅವರಿಗಿ ಯಾರ ತೋರ್ಸಿದ್ರು?"

ಮೂರನೆಯ ಪ್ರಶ್ನೆ. ಮೂರು ವರ್ಷದಿಂದ ಇದೇ ಬಾಗಿಲಲ್ಲಿ ಕಾದು ಕೂತಿದ್ದ ಪ್ರಶ್ನೆ. ಧೊಂಡಿಬಾ ಬಾಯಿ ತೆರೆದ. ಅಂಗಳದ ಹೌದಿನಲ್ಲಿ ಏನೋ ಮಿಸುಕಿತು. ಅವನ ಕಣ್ಣು ಅತ್ತ ಹೋಯಿತು.

"ಮೀನ ತೋರ್ಸಿದವರಿ" ಅಂದ. "ರೊಟ್ಟಿ ಚೂರಿಗಿ ಕೂಡಿದ್ದವು. ಅದನ್ನ ನೋಡಿ ಗುರ್ತ ಹಿಡದ್ರು."

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಹೇಳಿದ ಕ್ಷಣಕ್ಕೇ ಅವನ ಎದೆಯಿಂದ ಏನೋ ಇಳಿದುಹೋಯಿತು. ಹಗುರಾಯಿತಲ್ಲ ಎಂದು ಖುಷಿಯಾಯಿತು.  ಚಹಾದ ಬಟ್ಟಲನ್ನು ಕುಡಿಯದೆ ಪರದೆಯ ಕಡೆಗೆ ಹಿಂದಕ್ಕೆ ಸರಿಸಿದ.

ಪರದೆಯ ಹಿಂದಿನಿಂದ ಅವಳು, "ಆ ಮೀನ ಇಲ್ಲಿಂದ ಒಯ್ರಿ" ಅಂದಳು. "ದಿನಾ ಅವರ ಹೆಸರಿನ ರೊಟ್ಟಿ ಅವಕ್ಕs ಹಾಕ್ಲಾಕತ್ತಿದ್ದೆ. ಇನ್ನ ಆ ನೀರ ನನ್ನ ಗಂಟಲದಾಗ ಇಳಿಯಂಗಿಲ್ಲ. ಇವತ್ತೇ ಒಯ್ರಿ."

ಅವನು ಹೌದಿನ ಹತ್ತಿರ ಹೋಗಿ ಮಡಕೆ ಅದ್ದಿದ. ಹಿಡಿಯುವ ಕಷ್ಟವೇ ಆಗಲಿಲ್ಲ. ಅವನ ನೆರಳು ಬಿದ್ದೊಡನೆ ಐದೂ ಎದ್ದು ಬಂದು ತಾವಾಗಿ ಮಡಕೆಯೊಳಗೆ ಹೋದವು. ಸಾಕಿದ ಮೀನು, ಚೆನ್ನಾಗಿ ಬೆಳೆದು ಬೆರಳಿಗಿಂತ ದಪ್ಪಗಾಗಿದ್ದವು. ರಸೂಲನದು ಎಂದು ಆ ಮನೆಯಲ್ಲಿ ಜೀವ ಇದ್ದದ್ದು ಇವು ಮಾತ್ರ. ಮೈಲೂರಿನ ದಾರಿಯುದ್ದಕ್ಕೂ ಅವನು ಮಡಕೆಯನ್ನು ಎದೆಗೆ ಒತ್ತಿ ಹಿಡಿದು ನಡೆದ. ಮನೆಗೆ ಬಂದು ಊಟ ಮಾಡಲಿಲ್ಲ. ಏನಾಯಿತು ಎಂದು ಪುತಳಾಬಾಯಿ ಕೇಳಿದ್ದಕ್ಕೆ ಜ್ವರ ಅಂದ. ಬಾಯಿಲ್ಲದ ಮೀನಿನ ಮೇಲೆ ಹಾಕಿ ಬಂದೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ರಸೂಲ ಹೋದ, ಈಗ ಅವನ ಮೀನನ್ನೂ ಆ ಮನೆಯಿಂದ ಹೊರಗೆ ಹಾಕಿಸಿದೆ. ನಾಳೆ ಬೆಳಕಾಗುತ್ತಲೇ ಹೋಗಿ, ಮೀನು ಅಲ್ಲ, ನಾನು ಎಂದು ಹೇಳಿ ಬರುತ್ತೇನೆ. ಈ ಸಲ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲಿಲ್ಲ, ಸಲೀಸಾದೀತೆಂದು ಹೆದರಿ.

ಬೆಳಿಗ್ಗೆ ಹೋದಾಗ ಗೋಣಿತಟ್ಟು ಇರಲಿಲ್ಲ. ಅದರ ಹಿಂದಿನ ಮರದ ಬಾಗಿಲು, ಅವನು ಎಂದೂ ಮುಚ್ಚಿದ್ದನ್ನು ನೋಡದ ಬಾಗಿಲು, ಮುಚ್ಚಿತ್ತು. ಬಿಸ್ಮಿಲ್ಲಾಬೀ ಹೊಸ್ತಿಲ ಹೊರಗೆ ಕೂತಿದ್ದಳು. ಮುಂಜಾನೆಯ ಬಿಸಿಲಲ್ಲಿ ಅವಳ ಮಡಿಲಲ್ಲಿ ಕರಿಮಣಿಯ ಸರ ಇತ್ತು.

"ಭಾಭಿಗಿ ಒಂದ ಮಾತ ಹೇಳಬೇಕಾಗಿತ್ರಿ ಅಮ್ಮಾ. ನಿನ್ನಿ ಹೇಳೋದು ಉಳೀತು."

"ಇದ್ದತ್ ಕುಂತಾಳ ಬೇಟಾ. ಕಾಜಿ ಸಾಹೇಬರಿಗಿ ಕೇಳಿದೇವಿ, ಸತ್ತು ಮೂರ ವರ್ಷ ಆಯ್ತು, ದಿನಾ ಎಲ್ಲಾ ಮುಗದಾವ, ಕೂಡೋದು ಬ್ಯಾಡ ಅಂದ್ರು. ಇಕಿ ಕೇಳ್ಲಿಲ್ಲ. ನನಗ ನಿನ್ನಿ ಹೋದ್ರು, ಕೂಡ್ತೇನಿ ಅಂದಳು. ಇನ್ನ ನಾಲ್ಕ ತಿಂಗಳು ಹತ್ತ ದಿವಸ ನಿನ್ನ ಆವಾಜ ಸುದ್ದಾ ಆಕಿಗಿ ಕೇಳಬಾರದು. ಮೆಲ್ಲಗ ಮಾತಾಡು."

ಅವನ ಕಣ್ಣು ಮುಚ್ಚಿದ ಬಾಗಿಲಿಗೆ ಹೋಯಿತು.

"ಅಂಥಾದೇನರೆ ಇದ್ರ ನನಗ ಹೇಳು" ಅಂದಳು ಮುದುಕಿ. ಮುಖ ಎತ್ತಿ ನೋಡಿದಳು. ರಸೂಲನ ಮೂಗು ಅದು, ಇಷ್ಟು ವರ್ಷ ಅವನು ಗಮನಿಸಿರಲಿಲ್ಲ. ಅವನು ನಿಂತೇ ಇದ್ದ. ಏನು ಅನ್ನಿಸಿತೋ, ಅವಳು ಕೈ ಚಾಚಿ ಅವನನ್ನು ಬಗ್ಗಿಸಿ ಅವನ ತಲೆಯ ಮೇಲೆ ಅಂಗೈ ಇಟ್ಟಳು.

"ನನ್ನ ಮಗನಿಗಿ ಕಡೀ ರೊಟ್ಟಿ ನೀ ಕೊಟ್ಟಿ. ಅಲ್ಲಾ ನಿನ್ನ ಛಲೊ ಇಡ್ಲಿ."

ಎಷ್ಟು ಹೊತ್ತು ಬಗ್ಗಿ ನಿಂತಿದ್ದನೋ ಅವನಿಗೆ ಗೊತ್ತಾಗಲಿಲ್ಲ. ಗಲ್ಲಿಯಲ್ಲಿ ಹೋಗುವವರು ನೋಡುತ್ತಿದ್ದರು.

ಮನೆಗೆ ಬಂದಾಗ ಪುತಳಾಬಾಯಿ ಮಡಕೆಯ ಮೀನನ್ನು ಅಗಲ ಬಾಯಿಯ ಹಳೆಯ ಹಂಡೆಗೆ ಹಾಕಿ ಅಂಗಳದಲ್ಲಿ ಇಟ್ಟಿದ್ದಳು. ರೊಟ್ಟಿ ತಂದು ಕೊಟ್ಟಳು. ನಿನ್ನೆಯಿಂದ ಏನೂ ತಿಂದಿರಲಿಲ್ಲ. ಧೊಂಡಿಬಾ ಹಂಡೆಯ ಪಕ್ಕದಲ್ಲಿ ಕಾಲು ಮಡಿಚಿ ಕೂತ. ಮುರಿದ. ಬೇಡ ಬೇಡ ಅಂದುಕೊಂಡರೂ ಕೈ ತಾನೇ ಒಂದು ಚೂರನ್ನು ನೀರಿಗೆ ಹಾಕಿತು. ತಳದಲ್ಲಿದ್ದ ಐದೂ ಮೀನು ಮೇಲೆದ್ದು, ಇಡೀ ಹಂಡೆ ಬಿಟ್ಟು, ಅವನು ಕೂತ ಕಡೆಗೇ ಬಂದು ಒತ್ತಿಕೊಂಡು ನಿಂತವು. ನೀರಿನ ತಂಬಿಗೆ ಹಿಡಿದು ಬಂದ ಪುತಳಾಬಾಯಿ ಬಗ್ಗಿ ನೋಡಿದಳು.

"ಇವೆಲ್ಲಾ ಈ ಕಡಿಗೇ ಯಾಕ ಕೂಡ್ಯಾವರಿ?"

ಅವನು ಅಗಿಯುವುದನ್ನು ನಿಲ್ಲಿಸಿದ. 

"ನಾ ಇಲ್ಲಿ ಅದೇನಿ" ಅಂದ. "ಅದಕ."

ಪುತಳಾಬಾಯಿ ತಂಬಿಗೆಯನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು.